ಸೂತ್ರದ ಕೊನೆಯಲ್ಲಿದ್ದ ಪ್ಲಸ್ ಆರು

ಮುಖ್ಯೋಪಾಧ್ಯಾಯರು ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟು ಎರಡು ಬೆರಳಿನಿಂದ ನನ್ನ ಕಡೆಗೆ ತಳ್ಳಿದರು.

"ಈ ಸಲ ಟೈಮ್‌ಟೇಬಲ್ ನಿಮ್ದು ಮೇಡಂ. ಡ್ರಾಯಿಂಗ್ ಮೇಷ್ಟ್ರಿಗೆ ಕಣ್ಣಿನ ಆಪರೇಷನ್ ಆಗಿದೆ, ಸ್ಕ್ರೀನ್ ನೋಡ್ಬಾರ್ದಂತೆ. ನಿಮಗೆ ಹೇಗೂ ಕಂಪ್ಯೂಟರ್ ಬರುತ್ತಲ್ಲ."

ನನಗೆ ಕಂಪ್ಯೂಟರ್ ಬರುತ್ತದೆ ಎಂಬ ಸುದ್ದಿ ಹುಟ್ಟಿದ್ದು ಹಿಂದಿನ ವರ್ಷ, ಶಾಲಾ ಪ್ರವಾಸದ ಒಪ್ಪಿಗೆ ಪತ್ರವನ್ನು ನಾನೇ ಟೈಪ್ ಮಾಡಿ ಸುತ್ತ ಒಂದು ಚೌಕಟ್ಟು ಹಾಕಿದ್ದರಿಂದ. ನಾನು ಸಮಾಜ ವಿಜ್ಞಾನದ ಶಿಕ್ಷಕಿ. ಎಕ್ಸೆಲ್‌ನಲ್ಲಿ ಅಂಕಪಟ್ಟಿ ತುಂಬುವುದು, ಕೆಳಗೆ ಮೊತ್ತ ಬರಿಸುವುದು, ಅಷ್ಟು ಗೊತ್ತಿತ್ತು. ಗೋವಿಂದರಾಜನಗರದ ಈ ಶಾಲೆಗೆ ಬಂದು ಒಂದು ವರ್ಷವಾಗಿತ್ತು. ಅದಕ್ಕೆ ಮೊದಲು ಇದೇ ಆಡಳಿತ ಮಂಡಳಿಯ ಇನ್ನೊಂದು ಶಾಲೆಯಲ್ಲಿದ್ದೆ, ಕೆಂಗೇರಿಯಾಚೆ.

ಕೆಲಸ ಎರಡು. ಹೊಸ ವೇಳಾಪಟ್ಟಿ ಸಿದ್ಧಪಡಿಸುವುದು ಒಂದು. ಅದರಿಂದ ಪ್ರತಿ ಶಿಕ್ಷಕರಿಗೆ ವಾರಕ್ಕೆ ಎಷ್ಟು ಪೀರಿಯಡ್ ಬರುತ್ತದೆ ಎಂಬ ಪಟ್ಟಿ ತೆಗೆದು ಆಡಳಿತ ಮಂಡಳಿಗೆ ಕಳಿಸುವುದು ಇನ್ನೊಂದು. ಇಪ್ಪತ್ತೆರಡಕ್ಕಿಂತ ಕಡಿಮೆ ಪೀರಿಯಡ್ ಇದ್ದವರನ್ನು ‘ಹೆಚ್ಚುವರಿ’ ಎಂದು ಗುರುತಿಸಿ, ಮಂಡಳಿಯ ಮೂರು ಶಾಲೆಗಳಲ್ಲಿ ಎಲ್ಲಿ ಬೇಕೋ ಅಲ್ಲಿಗೆ ಹಾಕುತ್ತಾರೆ. ಶಾಲೆ ಶುರುವಾಗಿ ಎರಡನೆಯ ವಾರ. ಪಟ್ಟಿ ಶುಕ್ರವಾರ ಹೋಗಬೇಕು. ಅಂದು ಸೋಮವಾರ.

ಕಂಪ್ಯೂಟರ್ ಕೊಠಡಿಯ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಕೂತು ಕಡತ ತೆರೆದೆ. ಅದರ ಹೆಸರಿನಲ್ಲೇ ‘ಫೈನಲ್’ ಎಂಬ ಪದ ಎರಡು ಸಲ ಇತ್ತು, ಕೊನೆಗೆ ‘ಓಕೆ’. ಆರು ತರಗತಿ ವಿಭಾಗಗಳಿಗೆ ಆರು ಹಾಳೆ. ಎಲ್ಲವನ್ನೂ ಒಟ್ಟಿಗೆ ತೋರಿಸುವ ಒಂದು ದೊಡ್ಡ ಹಾಳೆ. ಪೀರಿಯಡ್ ಎಣಿಸುವ ಹಾಳೆ ಒಂದು. ಹಾಳೆಯ ಪ್ರತಿ ಚೌಕದ ಮನೆಯಲ್ಲೂ ಶಿಕ್ಷಕರ ಎರಡಕ್ಷರದ ಸಂಕೇತ, ಹಿಂದೆ ಬಣ್ಣ. ಮೇಷ್ಟ್ರು ಡ್ರಾಯಿಂಗ್ ಕಲಿಸುವವರಾದ್ದರಿಂದ ಬಣ್ಣಕ್ಕೆ ಬರವಿರಲಿಲ್ಲ. ಯಾವ ಬಣ್ಣಕ್ಕೆ ಏನರ್ಥ ಎಂದು ಎಲ್ಲೂ ಬರೆದಿರಲಿಲ್ಲ. ನನ್ನ ಸಂಕೇತ ಹುಡುಕಿದೆ, ಸಿಗಲಿಲ್ಲ. ಭೂಗೋಳದ ಪೀರಿಯಡ್‌ಗಳಲ್ಲಿ ‘ವಿಎನ್’ ಎಂದಿತ್ತು. ಯಾರಿದು ಎಂದು ಆಫೀಸಿನಲ್ಲಿ ಕೇಳಿದರೆ, ಎಷ್ಟೋ ವರ್ಷಗಳ ಹಿಂದೆ ನಿವೃತ್ತರಾದ ಒಬ್ಬ ಮೇಷ್ಟ್ರ ಹೆಸರಿನ ಮೊದಲಕ್ಷರಗಳಂತೆ. ಜನ ಬದಲಾದರೂ ಸಂಕೇತ ಬದಲಾಗಿರಲಿಲ್ಲ. ಇಡೀ ವರ್ಷ ನಾನು ಯಾರದೋ ಹೆಸರಿನಲ್ಲಿ ಪಾಠ ಮಾಡಿದ್ದೆ.

ಒಂದು ಮನೆಯಲ್ಲಿ ಸಂಕೇತ ಬದಲಿಸಿ ನೋಡಿದೆ. ದೊಡ್ಡ ಹಾಳೆಯಲ್ಲಿ ಎರಡು ಕಡೆ ಕೆಂಪು ಅಕ್ಷರದಲ್ಲಿ ‘ಗುದ್ದು’ ಎಂದು ಬಂತು. ಗಾಬರಿಯಾಗಿ ಹಳೆಯದನ್ನೇ ತಂದೆ. ಒಬ್ಬರೇ ಶಿಕ್ಷಕರು ಒಂದೇ ಹೊತ್ತಿಗೆ ಎರಡು ತರಗತಿಯಲ್ಲಿದ್ದರೆ ಎಚ್ಚರಿಸಲೆಂದು ಮೇಷ್ಟ್ರು ಸೂತ್ರದೊಳಗೇ ಆ ಪದ ಇಟ್ಟಿದ್ದರು. ಇದು ಗೊತ್ತಾಗಲು ನನಗೆ ಒಂದೂವರೆ ಗಂಟೆ ಬೇಕಾಯಿತು.

ಮಧ್ಯಾಹ್ನ ಮೇಷ್ಟ್ರಿಗೆ ಫೋನ್ ಮಾಡಿದೆ.

"ಅದೇನಿಲ್ಲ ಮೇಡಂ, ತುಂಬಾ ಸುಲಭ. ಹಳದಿ ಮನೆಯಲ್ಲಿ ಮಾತ್ರ ಟೈಪ್ ಮಾಡಿ, ಬೇರೆ ಕಡೆ ಕೈ ಇಡ್ಬೇಡಿ. ಮಿಕ್ಕಿದ್ದು ಅದೇ ಮಾಡ್ಕೊಳ್ಳುತ್ತೆ."

"ಸರ್, ಹಳದಿ ಮೂರು ಥರ ಇದೆ."

"ಮೂರು ಎಲ್ಲಿಂದ ಬಂತು? ಒಂದು ಲೆಮನ್ ಎಲ್ಲೋ. ಇನ್ನೊಂದು ಓಕರ್, ಮಣ್ಣಿನ ಬಣ್ಣ. ಅದು ಹಳದಿ ಹೇಗಾಗುತ್ತೆ?"

"ನನಗೆ ಎಲ್ಲಾ ಹಳದಿ ಥರಾನೇ ಕಾಣುತ್ತೆ ಸರ್. ಸ್ವಲ್ಪ ಗೋಜಲಾಗಿದೆ ಶೀಟು."

"ಹನ್ನೊಂದು ವರ್ಷ ಇದೇ ಗೋಜಲಲ್ಲೇ ಶಾಲೆ ನಡೆದಿದೆ ಮೇಡಂ," ಎಂದರು. ಕಣ್ಣಿಗೆ ಔಷಧಿ ಹಾಕುವ ಹೊತ್ತಾಯಿತೆಂದು ಫೋನ್ ಇಟ್ಟರು. ಇನ್ನು ಇವರನ್ನು ಏನೂ ಕೇಳುವುದಿಲ್ಲ ಎಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟೆ. ಸಿಟ್ಟಿನಲ್ಲಿ ತೆಗೆದುಕೊಂಡ ಆ ತೀರ್ಮಾನ ಮುಂದೆ ದುಬಾರಿಯಾಯಿತು.

ಮಂಗಳವಾರ ಮೊದಲು ಕಡತದ ನಕಲು ಮಾಡಿ ಪೆನ್‌ಡ್ರೈವನ್ನು ಬ್ಯಾಗಿನಲ್ಲಿಟ್ಟೆ. ಮಾಡಿದ್ದರಲ್ಲಿ ಬುದ್ಧಿವಂತಿಕೆಯ ಕೆಲಸ ಅದೊಂದೇ. ಆಮೇಲೆ ಒಂದೊಂದು ಸೂತ್ರದ ಮೇಲೆ ನಿಂತು ಎಫ್-ಎರಡು ಕೀಲಿ ಒತ್ತುವುದು. ಸೂತ್ರ ಬಿಚ್ಚಿಕೊಂಡು, ಅದು ಯಾವ ಯಾವ ಮನೆಗಳನ್ನು ನೋಡುತ್ತಿದೆಯೋ ಅವುಗಳ ಸುತ್ತ ಬಣ್ಣದ ಗೆರೆ ಬರುತ್ತದೆ. ಅದನ್ನು ನೋಡಿಕೊಂಡು ನೋಟ್‌ಬುಕ್ಕಿನಲ್ಲಿ ಕನ್ನಡದ ವಾಕ್ಯವಾಗಿ ಬರೆದುಕೊಂಡೆ: ‘ಎಂಟು-ಎ ಹಾಳೆಯಲ್ಲಿ ಬಿ3ರಿಂದ ಎಚ್8ರವರೆಗೆ ಈ ಸಂಕೇತ ಎಷ್ಟು ಸಲ ಇದೆ ಎಣಿಸು, ಎಂಟು-ಬಿಯಲ್ಲಿ ಎಷ್ಟಿದೆ ಎಣಿಸಿ ಅದಕ್ಕೆ ಕೂಡು, ಒಂಬತ್ತು-ಎಯಲ್ಲಿ...’ ಹೀಗೆ ಎಣಿಸುವ ಕೌಂಟ್‌ಇಫ್ ಆರು, ಒಂದರ ಹಿಂದೊಂದು. ಸೂತ್ರ ಪರದೆಯಲ್ಲಿ ಎರಡೂವರೆ ಸಾಲು ಉದ್ದ ಇತ್ತು. ವಾಕ್ಯವಾಗಿ ಬರೆದ ಮೇಲೆ ಅದರಲ್ಲಿ ಕಷ್ಟವೇನೂ ಕಾಣಲಿಲ್ಲ. ಆರು ಹಾಳೆ, ಆರು ಎಣಿಕೆ, ಒಂದು ಮೊತ್ತ.

ಆದರೆ ಎಲ್ಲವೂ ಹೀಗಿರಲಿಲ್ಲ. ಪ್ರಾಯೋಗಿಕವಾಗಿ ಒಂದು ಪ್ರತಿ ಮುದ್ರಿಸಿ ನೋಡಿದರೆ, ಹತ್ತನೆಯ ತರಗತಿಗೆ ಇಂಗ್ಲಿಷ್ ಪಾಠ ಮಾಡುವವರು ದೈಹಿಕ ಶಿಕ್ಷಕರು ಎಂದಿತ್ತು. ಸ್ಟಾಫ್ ರೂಮಿನಲ್ಲಿ ನಗುವೋ ನಗು. ದೈಹಿಕ ಶಿಕ್ಷಕರಂತೂ ಸೀಟಿ ತೆಗೆದು, "ಸಿಟ್ ಡೌನ್, ಓಪನ್ ಯುವರ್ ಬುಕ್ಸ್!" ಎಂದು ಅಪ್ಪಣೆ ಕೊಟ್ಟರು. ನನಗೆ ನಗು ಬರಲಿಲ್ಲ. ಬುಧವಾರ ಇಡೀ ದಿನ ಅದಕ್ಕೇ ಹೋಯಿತು. ಕೊನೆಗೆ ಸಿಕ್ಕಿದ್ದು ಬಚ್ಚಿಟ್ಟ ಒಂದು ಹಾಳೆ. ಅದರಲ್ಲಿ ಸಂಕೇತಗಳೂ ಅವುಗಳ ಮುಂದೆ ಹೆಸರುಗಳೂ ಇದ್ದವು. ವಿ-ಲುಕಪ್ ಎಂಬ ಸೂತ್ರ ಅಲ್ಲಿಂದ ಹೆಸರು ಹೆಕ್ಕಿ ತರುತ್ತಿತ್ತು. ಸಂಕೇತ ಆ ಪಟ್ಟಿಯಲ್ಲಿರುವ ತನಕ ಸರಿ. ನಾನು ಹೊಸ ಇಂಗ್ಲಿಷ್ ಶಿಕ್ಷಕಿಯ ಸಂಕೇತವನ್ನು ತರಗತಿಯ ಹಾಳೆಗಳಲ್ಲಷ್ಟೇ ತುಂಬಿದ್ದೆ, ಈ ಪಟ್ಟಿಗೆ ಸೇರಿಸಿರಲಿಲ್ಲ. ‘ಸರಿಯಾಗಿ ಅದೇ ಬೇಕು’ ಎಂದು ಸೂತ್ರದ ಕೊನೆಯಲ್ಲಿ ಹೇಳಿರದಿದ್ದರೆ ಅದು ಹತ್ತಿರದ ಯಾವುದನ್ನೋ ತಂದಿಟ್ಟು ಸುಮ್ಮನಾಗುತ್ತದೆ. ತಪ್ಪು ತಂದಿದ್ದೇನೆ ಎಂದು ಹೇಳುವುದೂ ಇಲ್ಲ.

ಆ ದಿನ ಸಂಜೆ ಮಾಗಡಿ ರಸ್ತೆಯ ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಮೇಷ್ಟ್ರನ್ನು ಮನಸ್ಸಿನಲ್ಲೇ ಬೈದೆ. ಬಚ್ಚಿಡುವುದು ಯಾಕೆ? ಬಚ್ಚಿಟ್ಟರೂ ಒಂದು ಸಾಲು ಬರೆದಿಡಬಾರದೆ?

ಗುರುವಾರದ ಹೊತ್ತಿಗೆ ನನಗೆ ಒಂದು ತರಹದ ಹುಮ್ಮಸ್ಸು ಬಂದಿತ್ತು. ಹೆಸರಿನ ದೋಷ ಸರಿಪಡಿಸಿದ್ದೆ. ಒಂದು ಸಂಕೇತದ ಹಿಂದೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಅಂಟಿಕೊಂಡು ಎಣಿಕೆ ತಪ್ಪುತ್ತಿದ್ದುದನ್ನು ಹಿಡಿದಿದ್ದೆ. ಎಣಿಕೆಯ ಹಾಳೆಯಲ್ಲಿ ಹದಿನಾಲ್ಕು ಶಿಕ್ಷಕರ ಹದಿನಾಲ್ಕು ಸಾಲು. ಎರಡು ಮನೆಗಳ ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನ ಕಾಣುತ್ತಿತ್ತು. ಅದರ ಮೇಲೆ ಒತ್ತಿದರೆ, ಈ ಸೂತ್ರ ಅಕ್ಕಪಕ್ಕದ ಸೂತ್ರಗಳ ಹಾಗಿಲ್ಲ ಎಂದು ಎಕ್ಸೆಲ್ಲೇ ದೂರು ಹೇಳುತ್ತಿತ್ತು. ಮೊದಲನೆಯದು ದೈಹಿಕ ಶಿಕ್ಷಕರದು. ನೋಡಿದೆ. ಎಚ್8 ಇರಬೇಕಾದ ಕಡೆ ಎಚ್7 ಇತ್ತು. ಅಂದರೆ ಶನಿವಾರ ಎಣಿಕೆಗೆ ಸೇರುತ್ತಿರಲಿಲ್ಲ. ಸ್ಪಷ್ಟ ತಪ್ಪು. ‘ಮೇಲಿನ ಸೂತ್ರವನ್ನು ನಕಲಿಸು’ ಎಂಬ ಆಯ್ಕೆ ಅಲ್ಲೇ ಇತ್ತು, ಒತ್ತಿದೆ. ತ್ರಿಕೋನ ಮಾಯವಾಯಿತು. ಮೈ ಹಗುರಾಯಿತು.

ಎರಡನೆಯದು ಕನ್ನಡ ಶಿಕ್ಷಕಿಯದು. ಅದನ್ನು ನಾನು ಬಿಚ್ಚಿ ನೋಡಲಿಲ್ಲ. ಇದೂ ಅಂಥದ್ದೇ ಇರಬೇಕೆಂದುಕೊಂಡು ಒತ್ತಿದೆ. ತ್ರಿಕೋನ ಹೋಯಿತು. ಜತೆಗೇ ಇಪ್ಪತ್ತನಾಲ್ಕು ಇದ್ದದ್ದು ಹದಿನೆಂಟಾಯಿತು. ಅಂಕಿ ಬದಲಾದದ್ದನ್ನು ನಾನು ಕಣ್ಣಾರೆ ನೋಡಿದೆ. ತಪ್ಪು ಸರಿಯಾಯಿತು ಎಂದೇ ನೋಡಿದೆ.

ಶುಕ್ರವಾರ ಮುಖ್ಯೋಪಾಧ್ಯಾಯರು ಮುದ್ರಿತ ಪ್ರತಿಯ ಕೊನೆಯ ಪುಟಕ್ಕೆ ನೇರವಾಗಿ ಹೋಗಿ ಸಹಿ ಹಾಕಿದರು. "ಏನ್ ಮೇಡಂ, ನಾಲ್ಕೇ ದಿನಕ್ಕೆ ಮುಗಿಸಿಬಿಟ್ರಿ!" ಎಂದರು.

ಮುಂದಿನ ಬುಧವಾರ ಮಂಡಳಿಯಿಂದ ಕಾಗದ ಬಂತು. ನಮ್ಮ ಶಾಲೆಯಲ್ಲಿ ಹೆಚ್ಚುವರಿ ಒಬ್ಬರು: ಕನ್ನಡ ಶಿಕ್ಷಕಿ. ಒಂದನೆಯ ತಾರೀಖಿನಿಂದ ಅವರು ಕೆಂಗೇರಿಯಾಚೆಯ ಶಾಲೆಗೆ ಹೋಗಬೇಕು. ಆ ಶಾಲೆ ನನಗೆ ಗೊತ್ತಿತ್ತು. ಅಲ್ಲಿ ಕನ್ನಡಕ್ಕೆ ಆಗಲೇ ಇಬ್ಬರಿದ್ದಾರೆ. ಮೂರನೆಯವರು ಹೋದರೆ ರಜೆ ಹಾಕಿದವರ ತರಗತಿಗಳಲ್ಲಿ ಮಕ್ಕಳನ್ನು ಸುಮ್ಮನಿರಿಸುವ ಕೆಲಸ.

ಊಟದ ಬಿಡುವಿನಲ್ಲಿ ಅವರು ಕಂಪ್ಯೂಟರ್ ಕೊಠಡಿಗೆ ಬಂದರು. ವಿಜಯಪುರದ ಕಡೆಯವರು. ಮದುವೆಯಾಗಿ ಈ ಕಡೆ ಬಂದು ವರ್ಷಗಳಾಗಿದ್ದರೂ ಮಾತು ಒಂದಿಷ್ಟೂ ಸವೆದಿರಲಿಲ್ಲ. ಕೈಯಲ್ಲಿ ಆ ಕಾಗದ ಇತ್ತು. ಕೂರಲಿಲ್ಲ.

"ಮೇಡಮ್ಮರ, ಒಂದ್ ಮಾತ್ ಕೇಳ್ತೀನ್ರಿ. ಹ್ವಾದ್ ವರ್ಷ ನಂದು ಇಪ್ಪತ್ನಾಕ್ ತಾಸ್ ಇತ್ತು. ಈ ವರ್ಷಾನೂ ನಾ ಅಷ್ಟ ಮಾಡಾಕತ್ತೀನಿ. ಹದಿನೆಂಟ್ ಹ್ಯಾಂಗ ಆತ್ರಿ?"

"ನಾನೇನೂ ಮಾಡಿಲ್ಲ ಮೇಡಂ. ಶೀಟೇ ಲೆಕ್ಕ ಹಾಕುತ್ತೆ."

ಹೇಳುವಾಗ ನನಗೆ ಇದು ನಿಜವೆಂದೇ ಅನ್ನಿಸಿತ್ತು.

"ಶೀಟ್ ಬರದವ್ರು ಯಾರ್ರಿ? ಅದಕ್ ತಾನ ಕೈ ಬಂದಾವೇನು?"

"ಬೇಕಾದ್ರೆ ನೀವೇ ಎಣಿಸಿ ನೋಡಿ." ಪರದೆಯನ್ನು ಅವರ ಕಡೆಗೆ ತಿರುಗಿಸಿದೆ. ಅವರು ಪರದೆ ನೋಡಲಿಲ್ಲ, ನನ್ನನ್ನು ನೋಡಿದರು. "ಆತ್ ಬಿಡ್ರಿ," ಎಂದು ಹೊರಟುಹೋದರು.

ಅವರು ಹೋದ ಮೇಲೆ ಬೆರಳಿಟ್ಟು ಆರೂ ಹಾಳೆ ಎಣಿಸಿದೆ. ಹದಿನೆಂಟು. ಮತ್ತೆ ಎಣಿಸಿದೆ. ಹದಿನೆಂಟೇ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹಿಂದಿನ ವರ್ಷವೂ ಅವರಿಗೆ ಅದೇ ಮೂರು ವಿಭಾಗ, ಅದೇ ಆರಾರು ಪೀರಿಯಡ್. ಹಾಗಾದರೆ ಆಗ ಇಪ್ಪತ್ತನಾಲ್ಕು ಎಲ್ಲಿಂದ ಬಂತು? ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದು ಮೂಲ ಕಡತ ತೆರೆದು, ಅವರ ಸಾಲಿನ ಮೇಲೆ ನಿಂತು ಎಫ್-ಎರಡು ಒತ್ತಿದೆ. ಆರು ಕೌಂಟ್‌ಇಫ್. ಅವುಗಳ ಬಾಲದಲ್ಲಿ, ಎರಡೂವರೆ ಸಾಲಿನ ಕಟ್ಟಕಡೆಗೆ: ಪ್ಲಸ್ ಆರು.

ಯಾವ ಆರು? ಅದು ಯಾವ ಹಾಳೆಯನ್ನೂ ನೋಡುತ್ತಿರಲಿಲ್ಲ, ಸುತ್ತ ಯಾವ ಬಣ್ಣದ ಗೆರೆಯೂ ಬರಲಿಲ್ಲ. ಯಾರೋ ಕೈಯಿಂದ ಒತ್ತಿಟ್ಟ ಬರಿಯ ಅಂಕಿ. ನನಗೆ ಮೊದಲು ಬಂದ ಯೋಚನೆಯನ್ನೂ ಹೇಳಿಬಿಡುತ್ತೇನೆ. ಮೇಷ್ಟ್ರು ಬೇಕಾದವರಿಗೆ ಆರು ಪೀರಿಯಡ್ ದಾನ ಮಾಡಿದ್ದಾರೆ, ಹನ್ನೊಂದು ವರ್ಷ ಶಾಲೆ ನಡೆದದ್ದು ಹೀಗೆ ಎಂದುಕೊಂಡೆ. ನನ್ನ ಕೆಲಸ ಸರಿಯೆಂದು ತೋರಿಸುವ ಯೋಚನೆಯಾದ್ದರಿಂದ ಅದು ಬಲು ಬೇಗ ಬಂತು.

ಶಾಲೆ ಬಿಟ್ಟ ಮೇಲೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಸವೇಶ್ವರನಗರದ ಅವರ ಮನೆಗೇ ಹೋದೆ. ಕೇಳಿಯೇ ಬಿಡೋಣ ಎಂಬ ಸಿಟ್ಟು. ಮೇಷ್ಟ್ರು ಕಪ್ಪು ಕನ್ನಡಕ ಹಾಕಿಕೊಂಡು ವರಾಂಡದಲ್ಲಿ ಕೂತಿದ್ದರು.

"ನಾನು ಸ್ಕ್ರೀನ್ ನೋಡೋ ಹಾಗಿಲ್ಲ. ನೀವೇ ಓದಿ, ಕೇಳಿಸ್ಕೊಳ್ತೀನಿ," ಎಂದರು.

ಅಲ್ಲಿ ಕೂತು ನಾನು ಒಂದು ಸೂತ್ರವನ್ನು ಗಟ್ಟಿಯಾಗಿ ಓದಿದೆ. ಬೀದಿಯಲ್ಲಿ ಹೋಗುತ್ತಿದ್ದವರಿಗೆ ಏನನ್ನಿಸಿತೋ. ಮೂರನೆಯ ಕೌಂಟ್‌ಇಫ್ ಮುಗಿಯುವ ಮೊದಲೇ ಮೇಷ್ಟ್ರು ಕೈ ಎತ್ತಿದರು.

"ಕನ್ನಡ ಮೇಡಮ್ಮಂದಾ? ಕೊನೇಲಿ ಪ್ಲಸ್ ಆರು ಇರ್ಬೇಕು ನೋಡಿ."

"ಅದೇ ಸರ್ ಕೇಳೋಕೆ ಬಂದಿದ್ದು. ಅದು ಯಾವ ಆರು?"

"ಬೆಳಗಿನ ಕ್ಲಾಸು. ಎಂಟನೇ ತರಗತಿಗೆ ಬರೋ ಮಕ್ಕಳಲ್ಲಿ ಕೆಲವರಿಗೆ ಕನ್ನಡ ಓದೋಕೇ ಬರಲ್ಲ. ಬಿನ್ನಿಪೇಟೆ ಕಡೆ ಕಟ್ಟಡದ ಕೆಲಸಕ್ಕೆ ಬಂದಿರೋರ ಮಕ್ಕಳು, ರಾಯಚೂರು, ಯಾದಗಿರಿ ಕಡೆಯೋರು. ಆ ಮೇಡಂ ಎಂಟೂಕಾಲಿಗೇ ಬಂದು ಅವರನ್ನ ಕೂರಿಸ್ಕೊಳ್ತಾರೆ, ವಾರಕ್ಕೆ ಆರು ದಿನ. ಹಿಂದಿನ ಎಚ್‌ಎಂ ಆರ್ಡರ್ ಹಾಕಿ ಕೊಟ್ಟ ಕೆಲಸ ಅದು. ನನ್ನ ಟೇಬಲ್ ಶುರುವಾಗೋದೇ ಒಂಬತ್ತೂವರೆಗೆ. ಎಂಟೂಕಾಲನ್ನ ಎಲ್ಲಿ ಹಾಕ್ಲಿ? ಅದಕ್ಕೇ ಕೊನೇಲಿ ಸೇರಿಸ್ದೆ."

"ಎಲ್ಲಾದ್ರೂ ಒಂದು ಸಾಲು ಬರೆದಿಡಬಾರದಿತ್ತಾ ಸರ್?"

"ಯಾಕೆ? ನನಗೆ ಗೊತ್ತಿತ್ತಲ್ಲ."

ಅವರು ಅದನ್ನು ಎಷ್ಟು ಸಹಜವಾಗಿ ಹೇಳಿದರೆಂದರೆ ನನಗೆ ಲ್ಯಾಪ್‌ಟಾಪ್ ಎತ್ತಿ ಕುಕ್ಕಬೇಕೆನಿಸಿತು. "ನನಗೆ ಗೊತ್ತಿರಲಿಲ್ಲ ಸರ್, ಅಳಿಸಿಬಿಟ್ಟೆ," ಎಂದೆ. ಕನ್ನಡಕದ ಹಿಂದೆ ಅವರ ಕಣ್ಣು ಕಾಣುತ್ತಿರಲಿಲ್ಲ. "ನಾನು ಫೋನಲ್ಲಿ ಸ್ವಲ್ಪ ಸಮಾಧಾನವಾಗಿ ಮಾತಾಡ್ಬೇಕಿತ್ತು," ಎಂದರು. ಒಳಗಿನಿಂದ ಕಾಫಿ ಬಂತು. ಕುಡಿದೆ, ರುಚಿ ಗೊತ್ತಾಗಲಿಲ್ಲ.

ಮರುದಿನ ಎಂಟು ಗಂಟೆಗೇ ಶಾಲೆಗೆ ಹೋದೆ. ನಾನು ಯಾವಾಗಲೂ ಬರುತ್ತಿದ್ದುದು ಒಂಬತ್ತೂಕಾಲಿಗೆ. ಆ ಹೊತ್ತಿಗೆ ಕೆಲವು ಮಕ್ಕಳು ಮಹಡಿಯಿಂದ ಇಳಿದು ಬರುವುದನ್ನು ಇಡೀ ವರ್ಷ ನೋಡಿದ್ದೆ. ಬೇಗ ಬಂದ ಮಕ್ಕಳು ಎಂದುಕೊಂಡಿದ್ದೆನೇ ಹೊರತು ಯಾರನ್ನೂ ಏನೂ ಕೇಳಿರಲಿಲ್ಲ. ಮಹಡಿಯ ಕೊನೆಯ ಕೋಣೆಯಲ್ಲಿ ಹದಿನೈದು ಮಕ್ಕಳು ನೆಲದ ಮೇಲೆ ಕೂತಿದ್ದರು. ಕನ್ನಡ ಶಿಕ್ಷಕಿ ಬೋರ್ಡಿನ ಮೇಲೆ ಒತ್ತಕ್ಷರದ ಪದಗಳನ್ನು ಬರೆದಿದ್ದರು. ಮೀಸೆ ಚಿಗುರುತ್ತಿದ್ದ ಎತ್ತರದ ಹುಡುಗನೊಬ್ಬ ‘ರಸ್ತೆ’ ಎಂಬುದನ್ನು ‘ರಸತೆ’ ಎಂದು ಓದಿದ.

"ಸ-ಕ್ಕ ತ ಒತ್ತು ಕೊಡೋ. ಒತ್ತು, ಒತ್ತು. ಬಸ್ಸಿನ್ಯಾಗ ಹ್ಯಾಂಗ ಒತ್ಕೊಂಡ್ ನಿಂದರ್ತೀ, ಹಂಗ."

ಮಕ್ಕಳು ನಕ್ಕರು, ಹುಡುಗನೂ ನಕ್ಕ, ಸರಿಯಾಗಿ ಓದಿದ. ಬಾಗಿಲಲ್ಲಿ ನಾನು ನಿಂತಿರುವುದನ್ನು ಅವರು ಕಂಡರು. ಪಾಠ ನಿಲ್ಲಿಸಲಿಲ್ಲ.

ಒಂಬತ್ತೂಕಾಲಿಗೆ ತರಗತಿ ಬಿಟ್ಟ ಮೇಲೆ ಅವರ ಎದುರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಹಸಿರು ತ್ರಿಕೋನ, ನಾನು ಒತ್ತಿದ್ದು, ಇಪ್ಪತ್ತನಾಲ್ಕು ಹದಿನೆಂಟಾಗಿದ್ದನ್ನು ನೋಡಿಯೂ ಬಿಟ್ಟಿದ್ದು. ಅವರು ಕೈಯ ಸೀಮೆಸುಣ್ಣದ ಧೂಳನ್ನು ಒರೆಸಿಕೊಳ್ಳುತ್ತ ಕೇಳಿದರು.

"ನೋಡಿದ್ರಿ?"

"ನೋಡಿದೆ."

"ಹಂಗಂದ್ರ ಆವಾಗ ನನ್ನ ಕೇಳ್ಬೇಕಿತ್ರಿ. ನಾ ಎಲ್ಲಿ ದೂರಿದ್ದೆ? ಬಾಜೂ ಖೋಲ್ಯಾಗ ಇದ್ದೆ."

ಹಾಜರಿ ಪುಸ್ತಕ ಕೇಳಿದೆ. ಕೊಟ್ಟರು. ಮೂರು ವರ್ಷದ ಹಾಜರಿ, ಒಂದು ದಿನವೂ ಖಾಲಿ ಬಿಟ್ಟಿರಲಿಲ್ಲ.

ಮುಖ್ಯೋಪಾಧ್ಯಾಯರಿಗೆ ಹೇಳಿದಾಗ ಅವರು ಮೊದಲು ಬಾಗಿಲು ಮುಚ್ಚಿದರು. ಬೆಳಗಿನ ತರಗತಿ ನಡೆಯುವುದು ಅವರಿಗೆ ಗೊತ್ತಿತ್ತು. ಅದು ಲೆಕ್ಕಕ್ಕೆ ಸೇರುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

"ನಾನು ಸಹಿ ಹಾಕಿ ಕಳಿಸಿ ಆಗಿದೆ ಮೇಡಂ. ಈಗ ಒಂದು ಅಂಕಿ ತಪ್ಪು ಅಂದ್ರೆ ಮಿಕ್ಕ ಹದಿಮೂರನ್ನೂ ಕೇಳ್ತಾರೆ."

"ಕೇಳ್ಲಿ ಸರ್."

"ಒಂದ್ಕೆಲಸ ಮಾಡಿ. ಸಾಫ್ಟ್‌ವೇರ್ ತೊಂದರೆಯಿಂದ ಅಂಕಿ ವ್ಯತ್ಯಾಸ ಆಗಿದೆ ಅಂತ ಬರೆಯಿರಿ. ಯಾರ ಮೇಲೂ ಬರಲ್ಲ."

ಹಾಗೆ ಬರೆಯಲು ನನಗೂ ಆಸೆಯಾಯಿತು. ಇದು ಸುಳ್ಳೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೊಠಡಿಗೆ ಬಂದು ಹಾಗೇ ಒಂದು ಕರಡನ್ನೂ ಬರೆದೆ. ಓದಿಕೊಂಡಾಗ, ಹಿಂದಿನ ದಿನ ಆ ಶಿಕ್ಷಕಿಗೆ ನಾನು ಕೊಟ್ಟ ಉತ್ತರವನ್ನೇ ಈಗ ಕಚೇರಿಯ ಭಾಷೆಯಲ್ಲಿ ಮತ್ತೆ ಬರೆದಿದ್ದೇನೆ ಅನ್ನಿಸಿತು. ಹರಿದೆ. ಹೊಸ ಹಾಳೆಯಲ್ಲಿ ‘ನಾನು’ ಎಂದು ಶುರು ಮಾಡಿದೆ: ಇಂಥ ಸೂತ್ರದ ಕೊನೆಯಲ್ಲಿದ್ದ ಆರನ್ನು, ಅದು ಏನೆಂದು ವಿಚಾರಿಸದೆ, ನಾನು ತೆಗೆದುಹಾಕಿದ್ದೇನೆ. ಮುಖ್ಯೋಪಾಧ್ಯಾಯರು ಎರಡು ಸಲ ಓದಿ ನಿಟ್ಟುಸಿರು ಬಿಟ್ಟು, "ನಿಮ್ಮಿಷ್ಟ," ಎಂದು ಮೇಲುಸಹಿ ಹಾಕಿದರು. ಹಳೆಯ ಆದೇಶ ಪುಸ್ತಕವನ್ನು ಬೀರುವಿನಿಂದ ಹುಡುಕಿಕೊಟ್ಟವರೂ ಅವರೇ.

ಶುಕ್ರವಾರ ಮಧ್ಯಾಹ್ನ ರಾಜಾಜಿನಗರದ ಮಂಡಳಿ ಕಚೇರಿಗೆ ಹೋದೆ. ಕಾರ್ಯದರ್ಶಿಗಳು ಪತ್ರ ಓದಿ, ಕನ್ನಡಕದ ಮೇಲಿಂದ ನೋಡಿದರು.

"ಅಂದ್ರೆ ಕಂಪ್ಯೂಟರ್ ತಪ್ಪಲ್ಲ ಅಂತೀರಾ?"

"ಅಲ್ಲ ಸಾರ್. ನಂದೇ ತಪ್ಪು."

"ಸರಿ. ಆದರೆ ಟೈಮ್‌ಟೇಬಲ್‌ನಲ್ಲಿ ಇಲ್ಲದೇ ಇರೋದನ್ನ ನಾನು ಪೀರಿಯಡ್ ಅಂತ ಹೇಗೆ ಒಪ್ಪಲಿ? ನಾಳೆ ಇನ್ನೊಬ್ಬರು ಪ್ಲಸ್ ಹತ್ತು ಅಂತ ಹಾಕ್ಕೊಂಡು ಬರ್ತಾರೆ. ಆ ಕ್ಲಾಸನ್ನ ಟೇಬಲ್ ಒಳಗೆ ತೋರಿಸಿ, ಸೋಮವಾರ ತನ್ನಿ. ಅಲ್ಲೀವರೆಗೂ ಆರ್ಡರ್ ಹಾಗೇ ಇರುತ್ತೆ."

ಸಿಟ್ಟು ಬಂದರೂ ಅವರ ಮಾತು ತಪ್ಪೆನ್ನಲಾಗಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಮತ್ತೆ ಅದೇ ಕುರ್ಚಿ. ಮೊದಲ ಪೀರಿಯಡ್‌ಗಿಂತ ಮುಂಚೆ ಒಂದು ಕಂಬಸಾಲು ಸೇರಿಸಿ ‘ಸೊನ್ನೆ’ ಎಂದು ಹೆಸರಿಟ್ಟೆ. ಆರು ತರಗತಿ ಹಾಳೆಗಳಲ್ಲೂ ಸೇರಿಸಿದೆ, ದೊಡ್ಡ ಹಾಳೆಯಲ್ಲೂ ಸೇರಿಸಿದೆ. ಎಂಟು-ಎಯ ಸೊನ್ನೆಯಲ್ಲಿ ಸೋಮವಾರದಿಂದ ಶನಿವಾರದವರೆಗೆ ಕನ್ನಡ ಶಿಕ್ಷಕಿಯ ಸಂಕೇತ ತುಂಬಿದೆ. ಎಂಟು-ಬಿಯ ಮಕ್ಕಳೂ ಅದೇ ಕೋಣೆಯಲ್ಲಿ ಕೂರುತ್ತಾರಾದರೂ ಎರಡು ಕಡೆ ಹಾಕಿದರೆ ಆರು ಹನ್ನೆರಡಾಗುತ್ತದೆ, ಅದಕ್ಕೆ ಒಂದೇ ಕಡೆ. ಎಣಿಕೆಯ ಹಾಳೆಗೆ ಹೋದೆ. ಹದಿನೆಂಟೇ ಇತ್ತು.

ಎಫ್-ಎರಡು. ಹೊಸ ಸಾಲು ಬಂದಾಗ ಹಳೆಯದೆಲ್ಲ ಒಂದು ಮನೆ ಬಲಕ್ಕೆ ಸರಿದಿತ್ತು. ಸೂತ್ರವೂ ಅದರ ಹಿಂದೆಯೇ ಸರಿದು ಈಗ ಸಿ3ರಿಂದ ಎಣಿಸುತ್ತಿತ್ತು. ಸೊನ್ನೆಯ ಸಾಲು ಬೇಲಿಯ ಹೊರಗೇ ಉಳಿದಿತ್ತು. ಹದಿನಾಲ್ಕು ಶಿಕ್ಷಕರು, ಆರಾರು ಎಣಿಕೆ. ಒಂದು ಸೂತ್ರವನ್ನು ಕೈಯಿಂದ ತಿದ್ದಿ ಕೆಳಗೆ ಎಳೆಯಬಹುದಿತ್ತು. ಎಳೆಯುವ ಧೈರ್ಯ ಬರಲಿಲ್ಲ. ಹದಿನಾಲ್ಕನ್ನೂ ಒಂದೊಂದಾಗಿ ಬಿಚ್ಚಿ, ಓದಿ, ತಿದ್ದಿದೆ. ಇಪ್ಪತ್ತನಾಲ್ಕು ಬಂತು.

ಉಸಿರು ಬಿಟ್ಟು ದೊಡ್ಡ ಹಾಳೆಗೆ ಹೋದರೆ ಸೊನ್ನೆಯ ಸಾಲಿನ ಉದ್ದಕ್ಕೂ ಗುದ್ದು, ಗುದ್ದು, ಗುದ್ದು. ಮೂವತ್ತು ಗುದ್ದು. ಅಲ್ಲಿ ಆ ಹೊತ್ತಿಗೆ ಇರುವವರೇ ಒಬ್ಬರು, ಗುದ್ದಾಡುವುದು ಯಾರ ಜತೆ? ಎದ್ದು ಕೊಠಡಿಯಲ್ಲೇ ಎರಡು ಸುತ್ತು ಹಾಕಿದೆ, ನೀರು ಕುಡಿದೆ. ಈ ಸಲ ಸಿಟ್ಟನ್ನು ಪಕ್ಕಕ್ಕಿಟ್ಟು ಮೇಷ್ಟ್ರಿಗೆ ಫೋನ್ ಮಾಡಿ ಸೂತ್ರ ಓದಿ ಹೇಳಿದೆ.

"ಖಾಲಿ ಮನೆ ಆ ಹಾಳೆಗೆ ಬರುವಾಗ ಸೊನ್ನೆಯಾಗಿ ಬರುತ್ತೆ ಮೇಡಂ. ನಾನು ಅದನ್ನ ಕಾಣದ ಹಾಗೆ ಮಾಡಿಟ್ಟಿದೀನಿ. ಮಿಕ್ಕ ಐದು ತರಗತಿಯ ಸೊನ್ನೆ ಒಂದೇ ಥರ ಇರೋದ್ರಿಂದ ಒಬ್ಬನೇ ಮೇಷ್ಟ್ರು ಅನ್ಕೊಂಡು ಕೂಗುತ್ತೆ. ಸೊನ್ನೆ ಇದ್ರೆ ಲೆಕ್ಕಕ್ಕೆ ತಗೋಬೇಡ ಅಂತ ಒಂದು ಇಫ್ ಹೊರಗಡೆ ಸುತ್ತಿ."

"ಶನಿವಾರ ಮಧ್ಯಾಹ್ನದ ಖಾಲಿ ಮನೆಗಳಿಗೆ ಯಾಕೆ ಕೂಗಲ್ಲ ಸರ್?"

"ಅಲ್ಲಿ ಬೇರೆ ಇಫ್ ಹಾಕಿದೀನಿ. ಓಕರ್ ಬಣ್ಣದ್ದು ನೋಡಿ, ಶನಿವಾರ ಅಂತ ಅರ್ಥ."

ಎರಡು ವಾರ ಕಳೆಯುತ್ತ ಬಂದಾಗ ನನಗೆ ಒಂದು ಬಣ್ಣದ ಅರ್ಥ ಸಿಕ್ಕಿತು. ಅವರು ಹೇಳಿದಂತೆ ಇಫ್ ಸುತ್ತಿದೆ, ಗುದ್ದುಗಳೆಲ್ಲ ಹೋದವು. ಅವರಿಗೆ ಫೋನ್ ಇಡಲು ಬಿಡಲಿಲ್ಲ. ಮಿಕ್ಕ ಬಣ್ಣಗಳನ್ನೂ, ಬಚ್ಚಿಟ್ಟ ಹಾಳೆಯನ್ನೂ, ಸಂಕೇತಗಳನ್ನೂ ಒಂದೊಂದಾಗಿ ಕೇಳಿ, ಅವರು ಹೇಳಿದ್ದನ್ನು ಕಡತದ ಮೊದಲ ಹಾಳೆಯಾಗಿ ಕನ್ನಡದಲ್ಲೇ ಟೈಪ್ ಮಾಡಿದೆ. ಮೂರು ಕಡೆ ಅವರಿಗೇ ನೆನಪಿರಲಿಲ್ಲ. "ಯಾಕೆ ಹಾಗೆ ಮಾಡಿದ್ನೋ ಗೊತ್ತಿಲ್ಲ ಕಣ್ರಿ," ಎಂದು ಅವರೇ ಬೇಸರಪಟ್ಟುಕೊಂಡರು. ಅಲ್ಲಿ ‘ಕಾರಣ ಗೊತ್ತಿಲ್ಲ, ಕೇಳದೆ ಮುಟ್ಟಬೇಡಿ’ ಎಂದು ಬರೆದೆ.

ಸೋಮವಾರ ಕಾಗದಪತ್ರ ಕೊಟ್ಟೆ. ಗುರುವಾರ ವರ್ಗಾವಣೆಯ ಆದೇಶ ರದ್ದಾಯಿತು. ಮುಖ್ಯೋಪಾಧ್ಯಾಯರು ಹೇಳಿದ್ದೂ ನಿಜವಾಯಿತು. ಮಂಡಳಿ ಉಳಿದ ಹದಿಮೂರು ಅಂಕಿಗಳನ್ನೂ ಮತ್ತೆ ಪರಿಶೀಲಿಸಿ ಕೊಡಲು ಹೇಳಿತು. ಈ ಸಲ ಪ್ರತಿಯೊಬ್ಬರ ಸಾಲನ್ನೂ ಮುದ್ರಿಸಿ, ಅವರವರ ಕೈಗೇ ಕೊಟ್ಟು, ಎಣಿಸಿ ಸಹಿ ಹಾಕಿಸಿಕೊಂಡೆ. ಎಣಿಸದೆ ಸಹಿ ಹಾಕಲು ಹೊರಟವರ ಕೈಯಿಂದ ಪೆನ್ನು ಕಿತ್ತುಕೊಂಡೆ. ಇನ್ನೂ ಎರಡು ತಪ್ಪು ಸಿಕ್ಕವು. ಅದರಲ್ಲೊಂದು ನನ್ನದೇ ಸಾಲಿನಲ್ಲಿತ್ತು: ಒಂದು ಪೀರಿಯಡ್ ಹೆಚ್ಚು ತೋರಿಸುತ್ತಿತ್ತು.

ಕನ್ನಡ ಶಿಕ್ಷಕಿ ಕೊನೆಗೆ ಬಂದರು. ಅಷ್ಟು ದಿನ ನಮ್ಮಿಬ್ಬರ ನಡುವೆ ನಮಸ್ಕಾರ ಬಿಟ್ಟರೆ ಮಾತಿರಲಿಲ್ಲ. ಮುದ್ರಿತ ಹಾಳೆಯನ್ನು ಪಕ್ಕಕ್ಕೆ ಸರಿಸಿದರು.

"ಕಾಗದ ಬ್ಯಾಡ್ರಿ. ಮಷಿನಿನ್ಯಾಗ ನನ್ನ ಸಾಲ್ ತೋರಸ್ರಿ. ಆ ಸೂತ್ರ ಅಂತೀರಲ್ಲ, ಅದನ್ನ ಬಿಚ್ಚಿ ತೋರಸ್ರಿ."

ಎಫ್-ಎರಡು ಒತ್ತಿದೆ. ಸೂತ್ರದ ಒಂದೊಂದು ತುಂಡೂ ಯಾವ ಹಾಳೆಗೆ ಹೋಗುತ್ತದೆ ಎಂದು ವಿವರಿಸಿದೆ. ಅವರು ಕುರ್ಚಿ ಎಳೆದುಕೊಂಡು ಕೂತು, ನಡುವೆ ನಿಲ್ಲಿಸಿ ಪ್ರಶ್ನೆ ಕೇಳಿದರು. ಈ ಡಾಲರ್ ಗುರುತು ಯಾಕೆ? ಈ ಅಲ್ಪವಿರಾಮ ಬಿಟ್ಟರೆ ಏನಾಗುತ್ತದೆ? ನನಗೆ ಉತ್ತರ ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೆ. ಆಮೇಲೆ ಅವರು ಎಂಟು-ಎ ಹಾಳೆ ತೆರೆಸಿ, ಸೊನ್ನೆಯ ಸಾಲಿನ ಆರು ಮನೆಗಳನ್ನು ಪರದೆಗೆ ಬೆರಳು ತಾಗಿಸಿ ಎಣಿಸಿದರು. ಮಿಕ್ಕ ಹದಿನೆಂಟನ್ನೂ ಬಿಡಲಿಲ್ಲ. ಊಟದ ಬಿಡುವು ಮುಗಿದ ಗಂಟೆ ಹೊಡೆಯಿತು. ಅವರು ಏಳಲಿಲ್ಲ.

"ಇನ್ನೊಮ್ಮೆ ಮದಲಿಂದ ಹೇಳ್ರಿ," ಎಂದರು. ಬ್ಯಾಗಿನಿಂದ ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ತೆರೆದರು. "ಬರಕೋತೀನಿ. ಮುಂದಿನ ವರ್ಷ ನೀವೂ ಇರ್ತೀರೋ ಇಲ್ಲೋ."